ಹಳಿ ಬೆಸುಗೆ ಬಿಡುವುದು ಯಾಕೆ? ಸೆಟ್ಟಿಂಗ್‌ಗಳ ಹಳೇ ಕಥೆ

ಹಳಿಯ ಬೆಸುಗೆ ಮುರಿದಾಗೆಲ್ಲ ಒಂದೇ ಜಗಳ. ಉಕ್ಕು ಸರಿಯಿಲ್ಲ ಅಂತ ಒಬ್ಬರು, ಬೆಸೆದವರ ಕೈ ಸರಿಯಿಲ್ಲ ಅಂತ ಇನ್ನೊಬ್ಬರು. ಯಂತ್ರದ ಸೆಟ್ಟಿಂಗ್ ಏನಿತ್ತು ಅಂತ ಕೇಳುವುದು ಎಲ್ಲ ಮುಗಿದ ಮೇಲೆ.

ಮೊದಲು ಬೆಸುಗೆಯೇ ಇರಲಿಲ್ಲ, ಎರಡು ಹಳಿಗಳ ತುದಿಗೆ ಪಕ್ಕದಿಂದ ಫಿಶ್‌ಪ್ಲೇಟ್ ಅನ್ನುವ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿಯುತ್ತಿದ್ದರು. ಸಂದಿಯಲ್ಲಿ ಚಕ್ರ ಬಡಿದೂ ಬಡಿದೂ ಹಳಿಯ ತುದಿ ಜಜ್ಜಿಹೋಗುತ್ತಿತ್ತು. ಜರ್ಮನಿಯ ಹ್ಯಾನ್ಸ್ ಗೋಲ್ಡ್‌ಸ್ಮಿಟ್ ಕಂಡುಹಿಡಿದ ಥರ್ಮಿಟ್ ವಿಧಾನ 1899ರಲ್ಲಿ ಎಸ್ಸೆನ್‌ನ ಟ್ರಾಮ್ ಹಳಿಗೆ ಬಂತು. ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯೂಮಿನಿಯಂ ಪುಡಿಯನ್ನು ಉರಿಸಿ, ಕರಗಿದ ಉಕ್ಕನ್ನು ಅಚ್ಚಿಗೆ ಬಿಡುವುದು. ಇದು ಇಂದಿಗೂ ನಡೆಯುತ್ತಿದೆ. ಹಳಿಯನ್ನು ಮೊದಲೇ ಸಾಕಷ್ಟು ಕಾಯಿಸದಿದ್ದರೆ ಉಕ್ಕು ಕೂಡಿಕೊಳ್ಳುವುದಿಲ್ಲ, ಅಚ್ಚಿನಲ್ಲಿ ಪಸೆ ಇದ್ದರೆ ಒಳಗೆ ಗುಳ್ಳೆ.

ಆಮೇಲೆ ಬಂದ ಫ್ಲ್ಯಾಶ್ ಬಟ್ ಅನ್ನುವ ಬೆಸುಗೆಯಲ್ಲಿ ಹೊರಗಿನ ಲೋಹವೇ ಇಲ್ಲ. ಎರಡು ತುದಿಗಳನ್ನು ಎದುರುಬದುರು ಹಿಡಿದು ಭಾರೀ ಕರೆಂಟ್ ಹರಿಸುತ್ತಾರೆ, ಕಿಡಿ ಸಿಡಿಯುತ್ತಾ ತುದಿ ಕರಗುತ್ತದೆ, ತಕ್ಷಣ ಟನ್‌ಗಟ್ಟಲೆ ಬಲ ಹಾಕಿ ಒತ್ತುತ್ತಾರೆ, ಕರಗಿದ ಕೊಳೆಯೆಲ್ಲ ಹೊರಗೆ ಬರಬೇಕು. ಒತ್ತುವ ಮುಂಚಿನ ಕೊನೆಯ ಗಳಿಗೆಯಲ್ಲಿ ಕಿಡಿ ತಪ್ಪಿದರೆ ಗಾಳಿ ತಾಗಿ ಆಕ್ಸೈಡ್ ಪದರ ಕೂರುತ್ತದೆ. ಒತ್ತಿದ್ದು ಸಾಲದಿದ್ದರೆ ಅದು ಒಳಗೇ ಉಳಿಯುತ್ತದೆ. ಬಿರುಕು ಶುರುವಾಗಲು ಅಷ್ಟು ಸಾಕು.

ಹಾಗಂತ ಸುಮ್ನೆ ಜಾಸ್ತಿ ಕಾಯಿಸಿದರೂ ಆಗದು. ಬೆಸುಗೆಯ ಎರಡೂ ಬದಿ ಉಕ್ಕು ಮೆತ್ತಗಾದ ಪಟ್ಟಿ ಅಗಲವಾಗುತ್ತದೆ, ಚಕ್ರ ಓಡಾಡಿ ಅಲ್ಲೇ ತಗ್ಗು ಬೀಳುತ್ತದೆ. ಹಳಿಯ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.7–0.8ರಷ್ಟಿರುತ್ತದೆ, ಗೇಟಿನ ಕಬ್ಬಿಣದ ಹಾಗಲ್ಲ. ಹಾಗಾಗಿ ತೀರಾ ಬೇಗ ತಣ್ಣಗಾದರೆ ಉಕ್ಕು ಮಾರ್ಟೆನ್‌ಸೈಟ್ ಅನ್ನುವ ರೂಪಕ್ಕೆ ತಿರುಗುತ್ತದೆ: ಗಟ್ಟಿ, ಆದರೆ ಪೆಡಸು, ತಟ್ಟನೆ ಮುರಿಯುವಂಥದ್ದು. ಕಾವು, ಸಮಯ, ಒತ್ತುವ ಬಲ, ತಣಿಸುವ ವೇಗ, ಒಂದನ್ನು ಮುಟ್ಟಿದರೆ ಉಳಿದದ್ದೂ ಅಲುಗುತ್ತದೆ.

ಚಕ್ರ ಓಡಾಡುವ ತಲೆಭಾಗವನ್ನು ಗಡಸು ಮಾಡಿದ ಹಳಿಗಳು ಬಂದ ಮೇಲೆ ಗೋಜಲು ಹೆಚ್ಚಾಯಿತು. ಕಾರ್ಖಾನೆಯಲ್ಲಿ ಕಷ್ಟಪಟ್ಟು ಕೊಟ್ಟ ಗಡಸುತನ ಬೆಸುಗೆಯ ಕಾವಿಗೆ ಆ ಜಾಗದಲ್ಲಿ ಇಳಿದುಹೋಗುತ್ತದೆ. ಹಳೇ ಉಕ್ಕಿಗೆ ಹೊಂದಿಸಿದ ಸೆಟ್ಟಿಂಗ್ ಇದಕ್ಕೆ ಹೇಗೆ ಸಾಕಾದೀತು, ಅಲ್ವಾ?

ಈಗಿನ ಯಂತ್ರಗಳು ಪ್ರತಿ ಬೆಸುಗೆಯ ಕರೆಂಟ್, ಒತ್ತಡ, ಚಲನೆಯ ಗ್ರಾಫ್ ಬರೆದಿಡುತ್ತವೆ, ಗೆರೆ ಮಿತಿಯೊಳಗಿದ್ದರೆ ಪಾಸ್. ಆ ಮಿತಿ ಯಾವ ಉಕ್ಕಿಗೆ ಹಾಕಿದ್ದು ಅನ್ನುವುದೇ ಪ್ರಶ್ನೆ. ಉಕ್ಕಿನ ಗ್ರೇಡ್ ಬದಲಾದರೆ ಮಾದರಿ ಬೆಸೆದು, ಬಗ್ಗಿಸಿ ಮುರಿದು, ಗಡಸುತನ ಅಳೆದು ಮಿತಿಯನ್ನು ಹೊಸದಾಗಿ ಹಾಕಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಪಾಳಿಯಲ್ಲಿ ಎಷ್ಟು ಜಾಯಿಂಟ್ ಆಯಿತು ಅನ್ನುವ ಲೆಕ್ಕದಲ್ಲಿ ಆ ಸಮಯಕ್ಕೆ ಜಾಗವಿಲ್ಲ.