ಎಷ್ಟು ಜನ ದುಡಿದರೆ ಕಾರ್ಖಾನೆ? ಸುರಕ್ಷತಾ ಕಾಯ್ದೆಗಳ ಟಿಪ್ಪಣಿ

ಪುಣೆಯ ಭೋಸರಿಯಲ್ಲಿ ಭಾನುವಾರ ಒಟ್ಟಿಗೆ ಓದುವ ನಾವು ನಾಲ್ವರೂ ವಿಜಯಪುರ, ಕಲಬುರಗಿ ಕಡೆಯವರು. ಸೇಫ್ಟಿ ಡಿಪ್ಲೊಮಾ ಪರೀಕ್ಷೆಗೆ ಇಸವಿಗಳನ್ನು ಬಾಯಿಪಾಠ ಮಾಡಿ ಮಾಡಿ ಎಲ್ಲಾ ಕಲಸಿಹೋಗಿತ್ತು. ಆಮೇಲೆ ಒಂದು ದಾರಿ ಸಿಕ್ಕಿತು. ಪ್ರತಿ ಕಾಯ್ದೆಗೂ ಇದೊಂದು ಪ್ರಶ್ನೆ ಕೇಳಿ: ಎಷ್ಟು ಜನ ದುಡಿಯುವ ಕಡೆ ಇದು ಅನ್ವಯಿಸುತ್ತದೆ?

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದ್ದು. ಮುಂಬೈ ಗಿರಣಿಗಳ ಸ್ಥಿತಿ ನೋಡಲು 1875ರಲ್ಲೇ ಒಂದು ಆಯೋಗ ನೇಮಕವಾಗಿತ್ತು. ಕೆಲಸಗಾರರ ಮೇಲಿನ ಕರುಣೆಯೊಂದೇ ಕಾರಣ ಅಂತ ಬರೆಯಬೇಡಿ. ಮುಂಬೈ ಗಿರಣಿಗಳ ಪೈಪೋಟಿಗೆ ಹೆದರಿದ ಇಂಗ್ಲೆಂಡಿನ ಲಂಕಾಶೈರ್ ಗಿರಣಿ ಮಾಲೀಕರ ಒತ್ತಡವೂ ಇತ್ತು. ಯಂತ್ರಶಕ್ತಿ ಬಳಸುವ, 100 ಅಥವಾ ಹೆಚ್ಚು ಜನರಿರುವ ಕಡೆ ಮಾತ್ರ ಇದು ಅನ್ವಯ. 7 ವರ್ಷದೊಳಗಿನ ಮಕ್ಕಳಿಗೆ ಕೆಲಸ ಕೊಡುವಂತಿಲ್ಲ. 7ರಿಂದ 12ರ ಮಕ್ಕಳಿಗೆ ದಿನಕ್ಕೆ 9 ಗಂಟೆ! ದೊಡ್ಡವರ ಗಂಟೆಗಳಿಗೆ ಮಿತಿಯೇ ಇಲ್ಲ. ಆದರೆ ಅಪಾಯದ ಯಂತ್ರಕ್ಕೆ ಬೇಲಿ ಹಾಕಬೇಕು ಎಂಬ ಮಾತು ಆಗಲೇ ಬಂತು. ಅದನ್ನು ನೆನಪಿಡಿ.

ವಾರದ ರಜೆಯ ಹಿಂದೆ ನಾರಾಯಣ ಮೇಘಾಜಿ ಲೋಖಂಡೆ ಇದ್ದಾರೆ. ಜ್ಯೋತಿಬಾ ಫುಲೆಯವರ ಒಡನಾಡಿ. 1884ರಲ್ಲಿ ಮುಂಬೈ ಗಿರಣಿ ಕೆಲಸಗಾರರ ಸಭೆ ಸೇರಿಸಿ, ಭಾನುವಾರದ ರಜೆ ಕೇಳಿದರು. 1890ರ ಜೂನ್‌ನಲ್ಲಿ ಮಾಲೀಕರು ಒಪ್ಪಿದರು. ನಾವು ಭಾನುವಾರ ಕೂತು ಓದುತ್ತಿರುವುದೂ ಅವರಿಂದಲೇ ಅಲ್ವಾ?

ಮತ್ತೆ ನಮ್ಮ ಪ್ರಶ್ನೆಗೆ ಬನ್ನಿ: 1891ರಲ್ಲಿ 100 ಜನ ಇದ್ದದ್ದು 50 ಆಯಿತು, 1922ರಲ್ಲಿ 20. 1948ರ ಕಾಯ್ದೆಯಲ್ಲಿ ವಿದ್ಯುತ್‌ನಂಥ ಶಕ್ತಿ ಬಳಸಿದರೆ 10, ಇಲ್ಲದಿದ್ದರೆ 20. ವಾರಕ್ಕೆ 48 ಗಂಟೆ.

1948ರ ಕಾಯ್ದೆಯಲ್ಲಿ 21ನೇ ಸೆಕ್ಷನ್ ಮೇಲೆ ಜಾಸ್ತಿ ಹೊತ್ತು ಕೂರಿ. ಅದು ಯಂತ್ರದ ಬೇಲಿಯ ಸೆಕ್ಷನ್, ಅಂದರೆ ನಮ್ಮ ಗಾರ್ಡ್. ನಾನು ಮೊದಲು ಕೆಲಸಕ್ಕೆ ಸೇರಿದ ಶಾಪ್‌ನಲ್ಲಿ ತಗಡು ಒತ್ತುವ ಪವರ್ ಪ್ರೆಸ್‌ಗೆ ಎರಡು ಬಟನ್ ಇದ್ದವು. ಎರಡೂ ಕೈಯಿಂದ ಒತ್ತಿದರೆ ಮಾತ್ರ ಮೇಲಿಂದ ಒತ್ತುವ ಭಾಗವಾದ ರ‍್ಯಾಮ್ ಇಳಿಯಬೇಕು, ಕೈ ಡೈ (ಅಚ್ಚು) ಒಳಗೆ ಇರಲೇಬಾರದು ಅಂತ. ಆದರೆ ಒಂದು ಬಟನ್ ಒತ್ತಿದಂತೆಯೇ ಇರಲಿ ಎಂದು ಟೇಪ್ ಸುತ್ತಿದ್ದರು. ಗಂಟೆಗೆ ಪೀಸ್ ಜಾಸ್ತಿ ಬರುತ್ತದಲ್ಲ. ಗಾರ್ಡ್ ಗೋಡೆಗೆ ಒರಗಿಸಿಟ್ಟಿತ್ತು, ಅದರ ಮೇಲೆ ಧೂಳು. ಪಕ್ಕದ ಪ್ರೆಸ್‌ನ ಹುಡುಗನ ಎರಡು ಬೆರಳ ತುದಿ ಹೋಯಿತು. ‘ಅವನ ಗಮನ ಎಲ್ಲಿತ್ತೋ’ ಎಂದರು. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ. 21ನೇ ಸೆಕ್ಷನ್ ಓದಿದಾಗ ಗೊತ್ತಾಯಿತು, ಬೇಲಿ ಹಾಕುವ, ಅದನ್ನು ಸರಿಯಾಗಿ ಇಡುವ ಹೊಣೆ ಕಾರ್ಖಾನೆ ನಡೆಸುವವರದ್ದು. ಸುರಕ್ಷತಾ ಸಾಧನವನ್ನು ಬೇಕಂತಲೇ ಕೆಡಿಸಬಾರದು ಎಂದು ಕೆಲಸಗಾರನಿಗೆ ಹೇಳುವುದು 111ನೇ ಸೆಕ್ಷನ್. ಎರಡನ್ನೂ ಬೆರೆಸಬೇಡಿ.

1984ರ ಡಿಸೆಂಬರ್‌ನ ಭೋಪಾಲ್ ದುರಂತದ ನಂತರ, 1987ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅಪಾಯಕಾರಿ ಪ್ರಕ್ರಿಯೆಗಳಿಗೇ ಒಂದು ಅಧ್ಯಾಯ ಸೇರಿತು. ಅಲ್ಲಿ ಏನು ಬಳಸುತ್ತಾರೆ, ಅದರಿಂದ ಏನು ಅಪಾಯ ಎಂದು ಕೆಲಸಗಾರರಿಗೂ ಸುತ್ತಲಿನ ಜನರಿಗೂ ತಿಳಿಸಬೇಕು ಎಂದಾಯಿತು.

ಈಗ 2020ರ ಕೋಡ್, ಅಂದರೆ ಕೆಲಸದ ಜಾಗದ ಸುರಕ್ಷತೆ, ಆರೋಗ್ಯ, ಕೆಲಸದ ಸ್ಥಿತಿಗಳ ಸಂಹಿತೆ. 1948ರದ್ದೂ ಸೇರಿ 13 ಕಾಯ್ದೆಗಳನ್ನು ಒಂದು ಮಾಡಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಇಲ್ಲಿ ತುಂಬಾ ಜನ ತಪ್ಪು ಬರೆಯುತ್ತಾರೆ. ‘ಫ್ಯಾಕ್ಟರಿ’ ಎನ್ನಿಸಿಕೊಳ್ಳಲು ಈಗ ಶಕ್ತಿ ಬಳಸಿದರೆ 20, ಇಲ್ಲದಿದ್ದರೆ 40 ಜನ ಬೇಕು. ಆದರೆ ಕೋಡ್ ಅನ್ವಯಿಸುವ ಕೆಲಸದ ಜಾಗ, ಅಂದರೆ ‘ಎಸ್ಟಾಬ್ಲಿಷ್‌ಮೆಂಟ್’ ಎನ್ನಿಸಿಕೊಳ್ಳಲು ಸಾಮಾನ್ಯವಾಗಿ 10 ಜನರಿದ್ದರೆ ಸಾಕು. 100ರಿಂದ ಇಳಿಯುತ್ತಾ ಬಂದ ಸಂಖ್ಯೆ ಫ್ಯಾಕ್ಟರಿ ವಿಷಯದಲ್ಲಿ ಮತ್ತೆ ಮೇಲೇರಿದ್ದು ನನಗೆ ಸರಿ ಕಾಣುವುದಿಲ್ಲ. ನಮ್ಮ ಗಲ್ಲಿಯಲ್ಲೇ ಆರು ಜನರ ಪ್ರೆಸ್ ಶಾಪ್‌ಗಳಿವೆ. ಅವು 10ಕ್ಕೂ ಕೆಳಗೆ. ಆದರೂ ಅಪಾಯದ ಕೆಲಸವಾದರೆ ಒಬ್ಬನೇ ಇದ್ದರೂ ಕೋಡನ್ನು ಅನ್ವಯಿಸುವ ಅಧಿಕಾರ ಸರ್ಕಾರಕ್ಕಿದೆ. ಸಣ್ಣ ಶಾಪ್‌ಗಳ ಬಗ್ಗೆ ಪ್ರಶ್ನೆ ಬಂದರೆ ಇದನ್ನು ಬಿಡದೆ ಬರೆಯಿರಿ.