ಆಂಟೊನೆಸ್ಕು ಹಿಟ್ಲರನ ಕೈಗೊಂಬೆಯೇ?

ಓದುಗರ ಪ್ರಶ್ನೆ: ರೊಮೇನಿಯಾದ ಮಾರ್ಷಲ್ ಆಂಟೊನೆಸ್ಕು ಹಿಟ್ಲರ್ ಕುಣಿಸಿದ ಹಾಗೆ ಕುಣಿದ ಕೈಗೊಂಬೆ ಅಲ್ವಾ? ಪಾಪ, ಅವನಿಗೆ ಬೇರೆ ದಾರಿಯಾದರೂ ಏನಿತ್ತು?

ಅಲ್ಲ. ಕೈಗೊಂಬೆ ಅಲ್ಲವೇ ಅಲ್ಲ. ಎರಡನೇ ಮಹಾಯುದ್ಧದ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ನಾನೂ ಎರಡು ಸಾಲಿನ ಉತ್ತರ ಕೊಟ್ಟು ಕೊಟ್ಟು ಸಾಕಾಗಿದ್ದೇನೆ. ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಹಿನ್ನೆಲೆ ಬೇಗ ಹೇಳಿ ಮುಗಿಸುತ್ತೇನೆ. 1940ರಲ್ಲಿ ಕೆಲವೇ ತಿಂಗಳಲ್ಲಿ ರೊಮೇನಿಯಾ ತನ್ನ ನೆಲದ ಸುಮಾರು ಮೂರನೇ ಒಂದು ಭಾಗ ಕಳೆದುಕೊಂಡಿತು. ಜೂನ್‌ನಲ್ಲಿ ಬೆಸರೇಬಿಯಾ ಮತ್ತು ಉತ್ತರ ಬುಕೊವಿನಾ ಸೋವಿಯತ್ ಪಾಲಾದವು. ಆಗಸ್ಟ್ 30ರಂದು ಜರ್ಮನಿ, ಇಟಲಿ ಸೇರಿ ಉತ್ತರ ಟ್ರಾನ್ಸಿಲ್ವೇನಿಯಾವನ್ನು ಹಂಗೇರಿಗೆ ಕೊಡಿಸಿದವು. ಸೆಪ್ಟೆಂಬರ್‌ನಲ್ಲಿ ದಕ್ಷಿಣ ದೊಬ್ರುಜಾ ಬಲ್ಗೇರಿಯಾಕ್ಕೆ ಹೋಯಿತು. ಜನ ರೊಚ್ಚಿಗೆದ್ದಿದ್ದರು. ರಾಜ ಎರಡನೇ ಕರೋಲ್ ಜುಲೈನಲ್ಲಿ ತಾನೇ ಬಿಸ್ತ್ರಿತ್ಸಾ ಮಠದಲ್ಲಿ ಕೂಡಿಹಾಕಿಸಿದ್ದ ಜನರಲ್ ಇಯೊನ್ ಆಂಟೊನೆಸ್ಕುವನ್ನೇ ಕರೆದು ಪ್ರಧಾನಿ ಮಾಡಿದ. ಆ ಪ್ರಧಾನಿ ಮಾಡಿದ ಮೊದಲ ಕೆಲಸವೇ ರಾಜನನ್ನು ಸಿಂಹಾಸನದಿಂದ ಇಳಿಸಿದ್ದು. 18 ವರ್ಷದ ಮಗ ಮಿಹಾಯ್ ಹೆಸರಿಗೆ ರಾಜನಾದ. ಅಧಿಕಾರವೆಲ್ಲ ಆಂಟೊನೆಸ್ಕು ಕೈಯಲ್ಲಿ. ತನ್ನನ್ನು 'ಕೊಂಡುಕಾಟೋರ್' ಎಂದು ಕರೆಸಿಕೊಂಡ, ಅಂದರೆ 'ನಾಯಕ'.

ಈಗ ಕೈಗೊಂಬೆ ವಾದಕ್ಕೆ ಬರೋಣ. ಅದರಲ್ಲಿ ನಿಜ ಸ್ವಲ್ಪ ಇದೆ. ಪ್ಲೊಯೆಷ್ಟ್‌ನ ಎಣ್ಣೆ ಬಾವಿಗಳ ಮೇಲೆ ಜರ್ಮನಿಯ ಕಣ್ಣಿತ್ತು. 1940ರ ಅಕ್ಟೋಬರ್‌ನಿಂದಲೇ ಜರ್ಮನ್ ಸೈನ್ಯ ರೊಮೇನಿಯಾದಲ್ಲಿತ್ತು. ಆದರೆ ಮಿತ್ರದೇಶದ ಸೈನ್ಯ ಬಂದು ಇಳಿಯುವುದೇ ಬೇರೆ, ದೇಶವನ್ನೇ ಆಕ್ರಮಿಸಿಕೊಳ್ಳುವುದೇ ಬೇರೆ. 1944ರ ಮಾರ್ಚ್‌ನಲ್ಲಿ ಹಂಗೇರಿಗೆ ಆದದ್ದು ಆಕ್ರಮಣ. ಆಂಟೊನೆಸ್ಕು ಆಳುತ್ತಿದ್ದಷ್ಟು ಕಾಲ ರೊಮೇನಿಯಾಕ್ಕೆ ಆ ಗತಿ ಬರಲಿಲ್ಲ. ಸರ್ಕಾರ ಅವನದು, ಸೈನ್ಯ ಅವನದು, ಪೊಲೀಸರು ಅವನವರು.

ರೊಮೇನಿಯಾದ ಯಾಶ್ ಊರನ್ನೇ ನೋಡಿ. 1941ರ ಜೂನ್ ಕೊನೆ, ಜರ್ಮನಿ ಜೊತೆ ಸೇರಿ ಸೋವಿಯತ್ ಮೇಲೆ ಯುದ್ಧ ಶುರುಮಾಡಿ ಇನ್ನೂ ಒಂದು ವಾರ. ಊರಿನ ಯಹೂದಿಗಳನ್ನು ಖಾಲಿ ಮಾಡಿಸಿ ಎಂದು ಆಂಟೊನೆಸ್ಕು ಅಲ್ಲಿನ ಸೇನಾಧಿಕಾರಿಗೆ ಫೋನಿನಲ್ಲೇ ಆಜ್ಞೆ ಕೊಟ್ಟ. ಪೊಲೀಸರು, ಸೈನಿಕರು, ಊರಿನ ಒಂದಷ್ಟು ಜನ ಸೇರಿ ಯಹೂದಿಗಳನ್ನು ಬೀದಿಯಲ್ಲಿ, ಪೊಲೀಸ್ ಕಚೇರಿಯ ಅಂಗಳದಲ್ಲಿ ಕೊಂದರು. ಜರ್ಮನ್ ಸೈನಿಕರೂ ಜೊತೆಗಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಉಳಿದವರನ್ನು ಗೂಡ್ಸ್ ಬೋಗಿಗಳಿಗೆ ತುರುಕಿದರು. ಗಾಳಿ ಬರುವ ಕಿಂಡಿಗಳಿಗೂ ಹಲಗೆ ಹೊಡೆದರು. ನಡುಬೇಸಿಗೆ, ಕುಡಿಯಲು ನೀರಿಲ್ಲ. ಒಂದು ರೈಲು ಹತ್ತಿರದಲ್ಲೇ ಇರುವ ಪೊದು ಇಲ್ವಾಯೆಯ್ ತಲುಪಲು ಗಂಟೆಗಟ್ಟಲೆ ತೆಗೆದುಕೊಂಡಿತು. ಇನ್ನೊಂದು ಕಲರಾಶ್ ಕಡೆಗೆ ಸುಮಾರು ಒಂದು ವಾರ ತೆವಳಿತು. ಬಾಗಿಲು ತೆಗೆದಾಗ ಹೆಣಗಳು ಹೊರಗೆ ಬಿದ್ದವು. ಸತ್ತವರು 13,000ಕ್ಕೂ ಹೆಚ್ಚು ಎಂಬ ಲೆಕ್ಕ ರೊಮೇನಿಯಾದ ಅಧಿಕಾರಿಗಳದೇ.

ಆ ರೈಲು ರೊಮಾನ್ ಎಂಬ ಊರಿನ ನಿಲ್ದಾಣಕ್ಕೆ ಬಂದಾಗ ಅಲ್ಲಿ ವಿಯೊರಿಕಾ ಅಗರಿಚ್ ಎಂಬ ಹೆಂಗಸು ಇದ್ದರು, ಊರಿನ ರೆಡ್ ಕ್ರಾಸ್ ಮುಖ್ಯಸ್ಥೆ. ಬೋಗಿಯೊಳಗಿನ ನರಳಾಟ ಅವರ ಕಿವಿಗೆ ಬಿತ್ತು. ಕಾವಲಿನವರ ಎದುರು ಹಟ ಹಿಡಿದು ನಿಂತು ಒಳಗಿದ್ದವರಿಗೆ ನೀರು, ಊಟ ಕೊಡಿಸಿದರು. ಬೇರೆ ದಾರಿ ಏನಿತ್ತು ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈಕೆ. ಕೈಯಲ್ಲಿ ಅಧಿಕಾರವಿಲ್ಲದ ಒಬ್ಬ ಹೆಂಗಸಿಗೆ ಆ ರಾತ್ರಿ ದಾರಿ ಕಂಡಿತ್ತು. ಮಾರ್ಷಲ್‌ಗೆ ಕಾಣಲಿಲ್ಲ ಅಂದರೆ ಹೇಗೆ ನಂಬೋಣ?

ಮುಂದೆ ಸೋವಿಯತ್ ನಗರ ಒಡೆಸ್ಸಾ. 1941ರ ಅಕ್ಟೋಬರ್ 16ರಂದು ಊರು ರೊಮೇನಿಯನ್ ಸೈನ್ಯದ ಕೈಗೆ ಬಂತು. 22ರಂದು ಅವರ ಸೇನಾ ಕಚೇರಿಯಲ್ಲಿ ಬಾಂಬ್ ಸಿಡಿದು ಜನರಲ್ ಗ್ಲೊಗೊಜಾನು ಸತ್ತ. ಸತ್ತ ಒಬ್ಬೊಬ್ಬ ಅಧಿಕಾರಿಗೆ 200 ಜನ, ಒಬ್ಬೊಬ್ಬ ಸೈನಿಕನಿಗೆ 100 ಜನ ಎಂದು ಸೇಡಿನ ಲೆಕ್ಕ ಕೊಟ್ಟವನು ಆಂಟೊನೆಸ್ಕು. ಆಜ್ಞೆಯಲ್ಲಿ 'ಕಮ್ಯುನಿಸ್ಟರು' ಎಂದಿತ್ತು, ಸತ್ತವರು ಸಾವಿರಾರು ಯಹೂದಿಗಳು. ನೀಸ್ಟರ್ ಮತ್ತು ಬುಗ್ ನದಿಗಳ ನಡುವೆ ರೊಮೇನಿಯಾ ಹಿಡಿದುಕೊಂಡಿದ್ದ ಸೋವಿಯತ್ ನೆಲ ಟ್ರಾನ್ಸ್‌ನಿಸ್ಟ್ರಿಯಾದ ರಾಜ್ಯಪಾಲ ಗೆಯೊರ್ಗೆ ಅಲೆಕ್ಸಿಯಾನು ಕೂಡ ರೊಮೇನಿಯದವನೇ, ಕಾನೂನು ಕಲಿಸುತ್ತಿದ್ದ ಪ್ರೊಫೆಸರ್. ಅಲ್ಲಿಗೆ ಅಟ್ಟಿದ ಯಹೂದಿಗಳು ಗುಂಡಿಗೆ, ಹಸಿವಿಗೆ, ಚಳಿಗೆ, ಟೈಫಸ್‌ಗೆ ಸತ್ತರು. ರೊಮೇನಿಯಾದ ಆಡಳಿತದಲ್ಲಿದ್ದ ನೆಲದಲ್ಲಿ 2,80,000ದಿಂದ 3,80,000 ಯಹೂದಿಗಳು ಸತ್ತರು ಎಂದು 2004ರಲ್ಲಿ ವರದಿ ಕೊಟ್ಟದ್ದು ರೊಮೇನಿಯಾದ ಅಧ್ಯಕ್ಷರೇ ನೇಮಿಸಿದ, ನಾಜಿ ಶಿಬಿರದಿಂದ ಬದುಕಿ ಬಂದ ಲೇಖಕ ಎಲೀ ವೀಸೆಲ್ ನೇತೃತ್ವದ ಆಯೋಗ.

ಇಷ್ಟಾದ ಮೇಲೂ 'ಬರ್ಲಿನ್ ಒತ್ತಡ' ಅನ್ನುವವರಿಗೆ ಒಂದು ವಿಷಯ. 1942ರಲ್ಲಿ ಜರ್ಮನಿ ನಿಜವಾಗಿಯೂ ಒತ್ತಡ ಹಾಕಿತು. ಉಳಿದ ಯಹೂದಿಗಳನ್ನು ಬೆಲ್ಜೆಕ್ ಸಾವಿನ ಶಿಬಿರಕ್ಕೆ ಕಳಿಸಿ ಎಂದಿತು. ರಾಜಧಾನಿ ಬುಖಾರೆಸ್ಟ್‌ನ ಸರ್ಕಾರ ಮೊದಲು ಹೂಂ ಅಂದಿತು. ಆಮೇಲೆ ರಾಜಮಾತೆ ಎಲೆನಾ, ಪೋಪ್ ಅವರ ಪ್ರತಿನಿಧಿ, ವಿರೋಧ ಪಕ್ಷದ ನಾಯಕ ಇಯುಲಿಯು ಮಾನಿಯು ಎಲ್ಲರಿಂದ ವಿರೋಧ ಬಂತು. ಯುದ್ಧ ಹೇಗೆ ಮುಗಿಯುತ್ತದೋ ಎಂಬ ಲೆಕ್ಕಾಚಾರವೂ ಶುರುವಾಯಿತು. ಅಕ್ಟೋಬರ್‌ನಲ್ಲಿ ಆಂಟೊನೆಸ್ಕು ಆ ಯೋಜನೆಯನ್ನು ನಿಲ್ಲಿಸಿದ. ಲಕ್ಷಾಂತರ ಜನ ಬದುಕಿದರು. ಹಿಟ್ಲರ್ ಏನು ಮಾಡಿದ? ಸೈನ್ಯ ನುಗ್ಗಿಸಲಿಲ್ಲ, ಇವನನ್ನು ಇಳಿಸಲೂ ಇಲ್ಲ.

ಈ ಘಟನೆ ಹಿಡಿದುಕೊಂಡು ಕೆಲವರು ಅವನನ್ನು ಯಹೂದಿಗಳ ರಕ್ಷಕ ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. 1942ರಲ್ಲಿ ಇಲ್ಲ ಅನ್ನುವ ಶಕ್ತಿ ಇದ್ದವನು 1941ರಲ್ಲಿ ಮಾಡಿದ್ದೆಲ್ಲ ತಾನೇ ಬಯಸಿ ಮಾಡಿದ್ದು ಎಂದಾಯಿತಲ್ಲ! ರಕ್ಷಕ ಮತ್ತು ಕೈಗೊಂಬೆ, ಎರಡೂ ಕಥೆ ಇಲ್ಲೇ ಬಿದ್ದುಹೋಗುತ್ತವೆ.

ಹಾಗಾದರೆ ಕೈಗೊಂಬೆ ಕಥೆ ಇಷ್ಟು ದಿನ ಉಳಿದದ್ದು ಹೇಗೆ? ಯುದ್ಧದ ನಂತರ ಬಂದ ಕಮ್ಯುನಿಸ್ಟ್ ಸರ್ಕಾರಕ್ಕೆ ತಪ್ಪನ್ನೆಲ್ಲ ಜರ್ಮನರ ಮೇಲೆ ಹೊರಿಸುವುದು ಸುಲಭವಾಗಿತ್ತು. 1989ರಲ್ಲಿ ಆ ಸರ್ಕಾರ ಬಿದ್ದ ನಂತರ ಇನ್ನೂ ಕೆಟ್ಟದ್ದಾಯಿತು. ಅಲ್ಲಲ್ಲಿ ಆಂಟೊನೆಸ್ಕು ಪ್ರತಿಮೆಗಳೇ ಎದ್ದವು. 2002ರಲ್ಲಿ ಸುಗ್ರೀವಾಜ್ಞೆ ತಂದು ತಡೆಯಬೇಕಾಯಿತು.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ, ಕೇಳಬೇಕಿತ್ತು. ರೊಮೇನಿಯಾದಲ್ಲಿ ಪ್ರಧಾನಿಯಾದ ಜನರಲ್‌ಗಳೆಲ್ಲ ಹೀಗೇ ಇದ್ದರಾ? ಖಂಡಿತ ಇಲ್ಲ. ಮೊದಲ ಮಹಾಯುದ್ಧದಲ್ಲಿ ಹೆಸರು ಮಾಡಿದ ಅವೆರೆಸ್ಕು ಮೂರು ಸಲ ಪ್ರಧಾನಿಯಾದ. 1918ರಲ್ಲಿ ಕೆಲವೇ ವಾರ ಪ್ರಧಾನಿಯಾಗಿದ್ದ ಕೊನ್‌ಸ್ಟಂಟಿನ್ ಕೊಆಂಡಾ ಕೂಡ ಜನರಲ್. ಎಂಜಿನಿಯರಿಂಗ್ ಓದಿದವರು 'ಕೊಆಂಡಾ ಎಫೆಕ್ಟ್' ಕೇಳಿರುತ್ತೀರಿ, ಅದು ಅವನ ಮಗ ಹೆನ್ರಿಯ ಹೆಸರು. ಬುಖಾರೆಸ್ಟ್ ವಿಮಾನ ನಿಲ್ದಾಣಕ್ಕೂ ಅದೇ ಹೆಸರು.

1944ರ ಆಗಸ್ಟ್ 23ರಂದು ರಾಜ ಮಿಹಾಯ್ ಆಂಟೊನೆಸ್ಕುವನ್ನು ಅರಮನೆಗೆ ಕರೆಸಿ ಬಂಧಿಸಿದ. ಕೂಡಿಹಾಕಿದ್ದು ಅಪ್ಪ ಕರೋಲ್ ಸ್ಟಾಂಪ್ ಸಂಗ್ರಹ ಇಡುತ್ತಿದ್ದ ಭದ್ರಕೋಣೆಯಲ್ಲಿ. ಆ ದಿನ ಪ್ರಧಾನಿಯಾದ ಸನತೆಸ್ಕು ಸಹ ಜನರಲ್ಲೇ.

ಅವನ ನಂತರ ಬಂದವನು ಜನರಲ್ ನಿಕೊಲಾಯೆ ರದೆಸ್ಕು. ನನಗೆ ಈತನ ಬಗ್ಗೆ ಗೌರವ ಜಾಸ್ತಿ. ಜರ್ಮನ್ ರಾಯಭಾರಿಯನ್ನು ಟೀಕಿಸಿ ಪತ್ರ ಬರೆದದ್ದಕ್ಕೆ ಆಂಟೊನೆಸ್ಕು ಕಾಲದಲ್ಲಿ ತಿರ್ಗು ಜಿಯು ಶಿಬಿರದಲ್ಲಿ ಬಂಧಿಯಾಗಿದ್ದ. 1944ರ ಡಿಸೆಂಬರ್‌ನಲ್ಲಿ ಪ್ರಧಾನಿಯಾದ. ಮೂರು ತಿಂಗಳೊಳಗೆ ಸೋವಿಯತ್ ಒತ್ತಡಕ್ಕೆ ಕುರ್ಚಿ ಬಿಡಬೇಕಾಯಿತು, ಬ್ರಿಟಿಷರ ಕಚೇರಿಯಲ್ಲಿ ಆಶ್ರಯ ಪಡೆದ. 1946ರ ಜೂನ್ 1ರಂದು ಜಿಲಾವಾ ಸೆರೆಮನೆಯಲ್ಲಿ ಆಂಟೊನೆಸ್ಕುವನ್ನು ಗುಂಡಿಟ್ಟು ಕೊಂದರು. ಅದೇ ವರ್ಷ ರದೆಸ್ಕು ವಿಮಾನದಲ್ಲಿ ಸೈಪ್ರಸ್‌ಗೆ ತಪ್ಪಿಸಿಕೊಂಡ. 1953ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ.