ರವೆನ್ನಾದ ಚರ್ಚುಗಳನ್ನು ಕಾಲಕ್ರಮದಲ್ಲಿ ನೋಡುವ ಬಗೆ: ಅಧ್ಯಯನ ಟಿಪ್ಪಣಿ

ಇಟಲಿಯ ಈಶಾನ್ಯ ಭಾಗದಲ್ಲಿ, ಏಡ್ರಿಯಾಟಿಕ್ ಕಡಲತೀರಕ್ಕೆ ಸಮೀಪದಲ್ಲಿರುವ ರವೆನ್ನಾ ಚಿಕ್ಕ ನಗರ. ಅದರ ಎಂಟು ಪ್ರಾಚೀನ ಕಟ್ಟಡಗಳನ್ನು ಯುನೆಸ್ಕೋ 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 5 ಮತ್ತು 6ನೇ ಶತಮಾನಗಳಲ್ಲಿ ಕಟ್ಟಿದ ಈ ಕಟ್ಟಡಗಳಲ್ಲಿ ಹೆಚ್ಚಿನವು ತಮ್ಮ ಮೊಸಾಯಿಕ್ ಚಿತ್ರಗಳಿಗಾಗಿ, ಅಂದರೆ ಗಾಜು, ಕಲ್ಲುಗಳ ಪುಟ್ಟ ಚೂರುಗಳನ್ನು ಗಾರೆಯಲ್ಲಿ ಜೋಡಿಸಿ ಮಾಡಿದ ಚಿತ್ರಗಳಿಗಾಗಿ, ಪ್ರಸಿದ್ಧವಾಗಿವೆ. ಸುಮಾರು ನೂರೈವತ್ತು ವರ್ಷಗಳಲ್ಲಿ ಈ ಊರನ್ನು ಮೊದಲು ಪಶ್ಚಿಮ ರೋಮನ್ ಸಾಮ್ರಾಟರು, ಬಳಿಕ ಆಸ್ಟ್ರೋಗಾತ್ ಎಂಬ ಜರ್ಮಾನಿಕ್ ಜನಾಂಗದ (ಮುಂದೆ ಬರಿಯ ಗಾತರು) ದೊರೆಗಳು, ಕೊನೆಗೆ ಬೈಜಾಂಟಿಯಮ್ಮಿನ, ಅಂದರೆ ಪೂರ್ವ ರೋಮನ್, ಸಾಮ್ರಾಟರು ಆಳಿದರು. ಪ್ರತಿಯೊಬ್ಬರೂ ತಮ್ಮ ನಂಬಿಕೆಯನ್ನೂ ಅಧಿಕಾರವನ್ನೂ ಗೋಡೆಗಳ ಮೇಲೆ ಬರೆಯಿಸಿದರು. ಕೊನೆಯಲ್ಲಿ ಬಂದವರು ಹಿಂದಿನವರು ಬರೆಯಿಸಿದ್ದನ್ನು ತಿದ್ದಿಯೂ ಬಿಟ್ಟರು. ಆದ್ದರಿಂದ ನಕ್ಷೆಯಲ್ಲಿ ಯಾವುದು ಹತ್ತಿರವೋ ಅದನ್ನು ಮೊದಲು ನೋಡುವ ಬದಲು ಕಟ್ಟಿದ ಕಾಲದ ಕ್ರಮದಲ್ಲಿ ನೋಡಿದರೆ ಈ ತಿದ್ದುಪಡಿಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ ಎಂಬುದು ಈ ಟಿಪ್ಪಣಿಯ ಆಧಾರ. ಹೆಚ್ಚಿನ ಪ್ರವಾಸಿಗಳು ಅತ್ಯಂತ ವೈಭವದ ಸಾನ್ ವಿಟಾಲೆ ಚರ್ಚಿನಿಂದಲೇ ಆರಂಭಿಸುತ್ತಾರೆ; ಕಲಿಯುವವರಿಗೆ ಅದು ಒಳ್ಳೆಯ ಆರಂಭವಲ್ಲ.

ಮೊದಲು ಹಿನ್ನೆಲೆಯನ್ನು ತಿಳಿದಿರಬೇಕು. ಸಾಮ್ರಾಟ ಹೊನೋರಿಯಸ್ 402ರಲ್ಲಿ ಪಶ್ಚಿಮ ರೋಮನ್ ಆಸ್ಥಾನವನ್ನು ಮಿಲಾನಿನಿಂದ ರವೆನ್ನಾಕ್ಕೆ ತಂದನು. ಸುತ್ತಲಿನ ಜೌಗು ನೆಲ ಶತ್ರುಸೈನ್ಯಕ್ಕೆ ಅಡ್ಡಿಯಾಗಿತ್ತು. ಪಕ್ಕದಲ್ಲೇ ಇದ್ದ ಕ್ಲಾಸ್ಸೆ ಬಂದರು ಆಗಸ್ಟಸನ ಕಾಲದಿಂದಲೂ ನೌಕಾಪಡೆಯ ನೆಲೆಯಾಗಿತ್ತು. ರಕ್ಷಣೆಗೆ ಒದಗಿದ ಆ ಜೌಗು ಕಟ್ಟಡಗಳಿಗೆ ಮಾತ್ರ ಶತ್ರುವಾಯಿತು. ನೆಲ ಕುಸಿಯುತ್ತ, ಅಂತರ್ಜಲ ಏರುತ್ತ ಹೋದಂತೆ ಒಳಗಿನ ನೆಲಗಟ್ಟನ್ನು ಮತ್ತೆ ಮತ್ತೆ ಎತ್ತರಿಸಬೇಕಾಯಿತು. ಹಲವು ಕಟ್ಟಡಗಳು ಇಂದು ಕುಳ್ಳಗೆ ಕಾಣಲು ಇದೇ ಕಾರಣ. ಅಂಥಲ್ಲಿ ನಾವು ನೋಡುತ್ತಿರುವುದು ಶಿಲ್ಪಿ ಯೋಜಿಸಿದ ಎತ್ತರವನ್ನಲ್ಲ.

ನೋಟವನ್ನು ಗಾಲ್ಲಾ ಪ್ಲಾಚಿಡಿಯಾಳ ಸಮಾಧಿ ಮಂದಿರದಿಂದ ಆರಂಭಿಸಬಹುದು. ಈಕೆ ಸಾಮ್ರಾಟ ಥಿಯೋಡೋಸಿಯಸನ ಮಗಳು, ಹೊನೋರಿಯಸನ ಮಲತಂಗಿ, ಬಾಲಕನಾಗಿದ್ದ ಮಗ ಮೂರನೇ ವ್ಯಾಲೆಂಟೀನಿಯನನ ಪರವಾಗಿ ರಾಜ್ಯವನ್ನು ನಡೆಸಿದವಳು. 450ರಲ್ಲಿ ರೋಮಿನಲ್ಲಿ ತೀರಿಕೊಂಡ ಆಕೆಯನ್ನು ಇಲ್ಲಿ ಹೂಳಲಾಗಿಲ್ಲವೆಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಶಿಲುಬೆಯ ಆಕಾರದ ಈ ಪುಟ್ಟ ಕಟ್ಟಡ ಮೂಲದಲ್ಲಿ ಸಾಂತಾ ಕ್ರೋಚೆ ಎಂಬ ಚರ್ಚಿನ ಮುಂಭಾಗಕ್ಕೆ ಹೊಂದಿಕೊಂಡಿತ್ತು. ಹೊರಗೆ ಬರಿಯ ಇಟ್ಟಿಗೆ. ಒಳಗೆ ಹೋದರೆ ಕಡುನೀಲಿಯ ಮೇಲೆ ಚಿನ್ನದ ನಕ್ಷತ್ರಗಳು, ನಡುವೆ ಚಿನ್ನದ ಶಿಲುಬೆ. ಬಾಗಿಲ ಮೇಲಿನ ಕಮಾನಿನಲ್ಲಿ ಕ್ರಿಸ್ತ ಕುರಿಗಳ ನಡುವೆ ಕುಳಿತ ಗಡ್ಡವಿಲ್ಲದ ಯುವಕನಾಗಿ, ರೋಮನ್ ಕಲೆಯ ಸಹಜ ಮೈಭಂಗಿಯಲ್ಲಿ ಕಾಣುತ್ತಾನೆ. ಆದರೆ ಕೈಯಲ್ಲಿರುವುದು ಕುರುಬನ ಕೋಲಲ್ಲ, ಶಿಲುಬೆ. ಎದುರಿನ ಕಮಾನಿನಲ್ಲಿ ಉರಿಯುವ ಕಬ್ಬಿಣದ ಜಾಲರಿಯತ್ತ ನಡೆಯುತ್ತಿರುವ ಸಂತನನ್ನು ಸಾಮಾನ್ಯವಾಗಿ ಲಾರೆನ್ಸ್ ಎಂದು ಗುರುತಿಸುತ್ತಾರೆ. ಅವನ ಪಕ್ಕದ ತೆರೆದ ಕಪಾಟಿನಲ್ಲಿ ನಾಲ್ಕು ಸುವಾರ್ತೆಗಳ ಪುಸ್ತಕಗಳಿವೆ. ಕಿಟಕಿಗಳ ಅಲಬಾಸ್ಟರ್ (ಬೆಳಕು ಹಾಯುವ ಕಲ್ಲು) ಹಲಗೆಗಳಿಂದ ಸೋಸಿ ಬರುವ ಜೇನುಬಣ್ಣದ ಬೆಳಕನ್ನು ಎಲ್ಲರೂ ಕೊಂಡಾಡುತ್ತಾರೆ. ಆ ಹಲಗೆಗಳನ್ನು ಕೂಡಿಸಿದ್ದು 20ನೇ ಶತಮಾನದ ಆರಂಭದಲ್ಲಿ ಎಂಬುದನ್ನೂ ಬರೆದುಕೊಂಡಿರಬೇಕು.

ಇಲ್ಲಿಯೇ ತಂತ್ರದ ವಿಷಯವನ್ನೂ ಗಮನಿಸಿಬಿಡುವುದು ಒಳ್ಳೆಯದು. ಚಿನ್ನದಂತೆ ಹೊಳೆಯುವ ಚೂರುಗಳಲ್ಲಿ ಅತಿ ತೆಳುವಾದ ಚಿನ್ನದ ರೇಕನ್ನು ಗಾಜಿನ ಎರಡು ಪದರಗಳ ನಡುವೆ ಸೇರಿಸಲಾಗಿದೆ. ಚೂರುಗಳನ್ನು ಹಸಿ ಗಾರೆಯಲ್ಲಿ ಒಂದೇ ಮಟ್ಟಕ್ಕೆ ಒತ್ತದೆ ತುಸು ಓರೆಯಾಗಿ ಕೂಡಿಸಿರುವುದರಿಂದ, ನೋಡುವವರು ಹೆಜ್ಜೆ ಸರಿಸಿದಂತೆಲ್ಲ ಬೆಳಕು ಬೇರೆ ಬೇರೆ ಚೂರುಗಳಿಂದ ಪ್ರತಿಫಲಿಸುತ್ತದೆ. ಹೀಗಾಗಿ ಛಾಯಾಚಿತ್ರದಿಂದ ಈ ಕಲೆಯನ್ನು ಕಲಿಯುವುದಕ್ಕೆ ಒಂದು ಮಿತಿ ಇದ್ದೇ ಇದೆ.

ಮುಂದೆ ಎರಡು ದೀಕ್ಷಾಸ್ನಾನ ಗೃಹಗಳನ್ನು ಒಂದರ ಬೆನ್ನಿಗೆ ಇನ್ನೊಂದನ್ನು ನೋಡಬೇಕು. ಇವೆರಡರ ವ್ಯತ್ಯಾಸ ಅರ್ಥವಾಗಬೇಕಾದರೆ ಏರಿಯಸ್ ಎಂಬ ಅಲೆಕ್ಸಾಂಡ್ರಿಯಾದ ಪಾದ್ರಿಯ ವಾದ ತಿಳಿದಿರಬೇಕು. ಪುತ್ರನಾದ ಕ್ರಿಸ್ತ ತಂದೆಯಾದ ದೇವರಿಂದ ಸೃಷ್ಟಿಯಾದವನು, ತಂದೆಯಷ್ಟೇ ಅನಾದಿಯಲ್ಲ ಎಂಬುದು ಆತನ ಮತ. 325ರ ನಿಸಿಯಾ ಸಭೆ ಇದನ್ನು ತಿರಸ್ಕರಿಸಿತಾದರೂ ಗಾತ್ ಜನರು ಕ್ರೈಸ್ತರಾದದ್ದು ಇದೇ ಪಂಥದ ಮೂಲಕ. ಹೀಗಾಗಿ ಗಾತರ ನಾಯಕ ಥಿಯೋಡೋರಿಕ್ 493ರಲ್ಲಿ, ಅದುವರೆಗೆ ಇಟಲಿಯನ್ನು ಆಳುತ್ತಿದ್ದ ಓಡೋಆಸರನನ್ನು ಕೊಂದು ಇಟಲಿಯ ದೊರೆಯಾದಾಗ, ರವೆನ್ನಾದಲ್ಲಿ ಎರಡು ಕ್ರೈಸ್ತ ಪಂಥಗಳು ಬೇರೆ ಬೇರೆ ಚರ್ಚುಗಳನ್ನು ಇಟ್ಟುಕೊಂಡು ಜೊತೆಜೊತೆಗೆ ಬದುಕಿದವು.

ಬಿಷಪ್ ನಿಯೋನನ ಹೆಸರಿನ ದೀಕ್ಷಾಸ್ನಾನ ಗೃಹ ಇವುಗಳಲ್ಲಿ ಹಳೆಯದು. ಎಂಟು ಮೂಲೆಯ ಈ ಕಟ್ಟಡದ ಗುಮ್ಮಟಕ್ಕೆ 5ನೇ ಶತಮಾನದ ಉತ್ತರಾರ್ಧದಲ್ಲಿ ಆತ ಮೊಸಾಯಿಕ್ ಮಾಡಿಸಿದನು. ನಡುವೆ ಜೋರ್ಡಾನ್ ನದಿಯಲ್ಲಿ ಕ್ರಿಸ್ತನ ದೀಕ್ಷಾಸ್ನಾನ, ಸುತ್ತ ಹೆಸರು ಬರೆದ ಹನ್ನೆರಡು ಅಪೊಸ್ತಲರು (ಕ್ರಿಸ್ತನ ಮುಖ್ಯ ಶಿಷ್ಯರು), ಪಕ್ಕದಲ್ಲಿ ಮುದುಕನ ರೂಪದ ನದೀದೇವತೆ. ಕ್ರಿಸ್ತನ ಮತ್ತು ಅವನಿಗೆ ದೀಕ್ಷೆ ಕೊಡುತ್ತಿರುವ ಯೋಹಾನನ ತಲೆಗಳು 19ನೇ ಶತಮಾನದ ದುರಸ್ತಿಯವು. ಆದ್ದರಿಂದ ಆ ಮುಖಗಳನ್ನು ಆಧರಿಸಿ ಪ್ರಾಚೀನ ಶೈಲಿಯ ಬಗ್ಗೆ ತೀರ್ಮಾನಕ್ಕೆ ಬರಬಾರದು. ಥಿಯೋಡೋರಿಕನ ಕಾಲದ ಏರಿಯನ್ ದೀಕ್ಷಾಸ್ನಾನ ಗೃಹದಲ್ಲೂ ಇದೇ ವಿಷಯ, ಇದೇ ವಿನ್ಯಾಸ; ಆದರೆ ಅಲ್ಲಿ ಅಪೊಸ್ತಲರ ಎರಡು ಸಾಲುಗಳು ಶಿಲುಬೆಯಿಟ್ಟ ಒಂದು ಬರಿದಾದ ಸಿಂಹಾಸನದ ಕಡೆಗೆ ಸಾಗುತ್ತವೆ, ನದೀದೇವತೆಯ ತಲೆಯ ಮೇಲೆ ಏಡಿಯ ಕೊಂಡಿಗಳಿವೆ. ಪಂಥಭೇದವನ್ನು ಈ ಚಿತ್ರದಲ್ಲಿ ಹುಡುಕಲು ಹಲವರು ಶ್ರಮಿಸಿದ್ದಾರೆ. ನನ್ನ ಮಟ್ಟಿಗೆ ಇವೆರಡರ ಹೋಲಿಕೆಯೇ ಹೆಚ್ಚು ಮುಖ್ಯವಾದ ಸಾಕ್ಷ್ಯ: ಗಾತರು ರೋಮನ್ನರ ಚಿತ್ರಭಾಷೆಯನ್ನು ಒಪ್ಪಿಕೊಂಡು ಅದರಲ್ಲೇ ಮಾತಾಡಿದರು.

ಈಗ ಸಾಂತ್ ಅಪೊಲಿನಾರೆ ನುವೋವೊ. ಕಲಿಯುವವರು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ ಎಂದು ನಾನು ಭಾವಿಸುತ್ತೇನೆ. ಥಿಯೋಡೋರಿಕ್ ತನ್ನ ಅರಮನೆಯ ಪಕ್ಕದಲ್ಲಿ ಇದನ್ನು ಕಟ್ಟಿಸಿ ಕ್ರಿಸ್ತನಿಗೆ ಅರ್ಪಿಸಿದನು. 540ರಲ್ಲಿ ಸಾಮ್ರಾಟ ಜಸ್ಟೀನಿಯನನ ಸೇನಾಪತಿ ಬೆಲಿಸಾರಿಯಸ್ ಊರನ್ನು ಗೆದ್ದ ಬಳಿಕ ಏರಿಯನ್ನರ ಆಸ್ತಿ ನಿಸಿಯಾ ಮತದವರಿಗೆ ಸೇರಿತು. 560ರ ದಶಕದಲ್ಲಿ ಬಿಷಪ್ ಆಗ್ನೆಲ್ಲಸ್ ಈ ಚರ್ಚನ್ನು, ಪಾಷಂಡಿಗಳ ವಿರುದ್ಧ ನಿಂತವನೆಂದು ಹೆಸರಾದ ತೂರ್‌ನ ಸಂತ ಮಾರ್ಟಿನನಿಗೆ ಮರಳಿ ಅರ್ಪಿಸಿದನು. ಅಪೊಲಿನಾರಿಸನ ಹೆಸರು ಬಂದದ್ದು 9ನೇ ಶತಮಾನದಲ್ಲಿ, ಆ ಸಂತನ ಅವಶೇಷಗಳನ್ನು ಕ್ಲಾಸ್ಸೆಯಿಂದ ಇಲ್ಲಿಗೆ ತಂದಾಗ.

ನಡುವಂಕಣದ ಎರಡೂ ಗೋಡೆಗಳಲ್ಲಿ ಮೂರು ಪಟ್ಟಿಗಳಿವೆ. ಮೇಲಿನ ಪಟ್ಟಿಯಲ್ಲಿ ಗೋಡೆಗೆ ಹದಿಮೂರರಂತೆ ಕ್ರಿಸ್ತನ ಜೀವನದ 26 ದೃಶ್ಯಗಳು; ಎಡಗೋಡೆಯ ಪವಾಡ ಮತ್ತು ಸಾಮತಿಗಳಲ್ಲಿ (ದೃಷ್ಟಾಂತ ಕಥೆಗಳಲ್ಲಿ) ಕ್ರಿಸ್ತನಿಗೆ ಗಡ್ಡವಿಲ್ಲ, ಬಲಗೋಡೆಯ ಯಾತನೆಯ ಕಥೆಯಲ್ಲಿ ಗಡ್ಡವಿದೆ. ಆ ಕಥೆಯಲ್ಲಿ ಶಿಲುಬೆಗೇರಿಸುವ ದೃಶ್ಯವೇ ಇಲ್ಲ. ಶಿಲುಬೆಗೇರಿಸಿದ ಗುಡ್ಡವಾದ ಕಲ್ವಾರಿಯ ದಾರಿಯಿಂದ ನೇರವಾಗಿ ಸಮಾಧಿಯ ಬಳಿ ಬಂದ ಹೆಂಗಸರ ದೃಶ್ಯಕ್ಕೆ ಹೋಗುತ್ತದೆ. ನಡುವಿನ ಪಟ್ಟಿಯಲ್ಲಿ ಗ್ರಂಥ ಹಿಡಿದು ನಿಂತ ಗಂಡಸರಿದ್ದಾರೆ. ಇವೆರಡೂ ಥಿಯೋಡೋರಿಕನ ಕಾಲದವು, ತಿದ್ದುಪಡಿ ಇಲ್ಲದೆ ಉಳಿದವು. ಕೆಳಗಿನ ಪಟ್ಟಿಯಲ್ಲಿ ಮಾತ್ರ ಕಥೆ ಬೇರೆ. ಬಲಗಡೆ ಬಾಗಿಲ ಹತ್ತಿರ ‘ಪಲಾತಿಯುಮ್’ ಎಂದು ಬರೆದ ಥಿಯೋಡೋರಿಕನ ಅರಮನೆಯಿದೆ. ಅದರ ಕಮಾನುಗಳಲ್ಲಿ ಈಗ ಬಿಳಿಯ ಪರದೆಗಳು ತೂಗುತ್ತಿವೆ. ಕಂಬಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಕೆಲವು ಕಂಬಗಳ ಮೇಲೆ ಕೈಗಳು ಕಾಣುತ್ತವೆ, ಮೈ ಕಾಣುವುದಿಲ್ಲ. ಮೂಲದಲ್ಲಿ ಕಮಾನುಗಳ ಕೆಳಗೆ ಗಾತ್ ಆಸ್ಥಾನದ ಜನ ನಿಂತಿದ್ದರು. ಆಗ್ನೆಲ್ಲಸನ ಕೆಲಸಗಾರರು ಅವರನ್ನು ಕಿತ್ತು ಪರದೆಗಳನ್ನು ಕೂಡಿಸಿದರು. ಕಂಬದ ಮೇಲೆ ಚಾಚಿದ್ದ ಕೈಗಳನ್ನು ತೆಗೆಯಲು ಹೋದರೆ ಕಂಬವನ್ನೂ ಹೊಸದಾಗಿ ಮಾಡಬೇಕಾಗುತ್ತಿತ್ತಾದ್ದರಿಂದ ಅವು ಉಳಿದುಕೊಂಡಿರಬೇಕು. ಎದುರುಗೋಡೆಯ ಕ್ಲಾಸ್ಸೆ ಬಂದರಿನ ಚಿತ್ರದಲ್ಲೂ ಊರಗೋಡೆಯ ಮುಂದೆ ನಿಂತಿದ್ದವರನ್ನು ಅಳಿಸಿದ ತೇಪೆಗಳು ಬಣ್ಣದ ವ್ಯತ್ಯಾಸದಿಂದ ತಿಳಿಯುತ್ತವೆ.

ಈ ಎರಡು ಚಿತ್ರಗಳಿಂದ ಹೊರಟು ಬಲಿಪೀಠದ ಕಡೆಗೆ ಸಾಗುವ ಸಾಲುಗಳು ಆಗ್ನೆಲ್ಲಸನ ಕಾಲದವು. ಬಲಗಡೆ 26 ಹುತಾತ್ಮರು, ಅವರ ಮುಂದಾಳಾಗಿ ನೇರಳೆ ಮೇಲಂಗಿಯ ಸಂತ ಮಾರ್ಟಿನ್. ಎಡಗಡೆ 22 ಕನ್ಯೆಯರು, ಅವರ ಮುಂದೆ ಪೂರ್ವದಿಕ್ಕಿನ ಮೂವರು ಜ್ಞಾನಿಗಳು. ಜ್ಞಾನಿಗಳ ಮೈಯ ಮೇಲ್ಭಾಗ ಬಹುಮಟ್ಟಿಗೆ 19ನೇ ಶತಮಾನದ್ದು. ಒಂದೇ ಗೋಡೆಯಲ್ಲಿ ಮೇಲಿನ ಪಟ್ಟಿಯ ಚುರುಕಾದ ಕಥನವನ್ನೂ ಕೆಳಗಿನ ಪಟ್ಟಿಯ ಒಂದೇ ಎತ್ತರದ, ಒಂದೇ ಲಯದ, ನೆರಳಿಲ್ಲದ ಆಕೃತಿಗಳನ್ನೂ ಹೋಲಿಸಿದರೆ ಅರ್ಧ ಶತಮಾನದಲ್ಲಿ ಶೈಲಿ ಹೇಗೆ ಬದಲಾಯಿತೆಂಬುದು ಗೊತ್ತಾಗುತ್ತದೆ.

ಥಿಯೋಡೋರಿಕ್ 526ರಲ್ಲಿ ಸತ್ತನು. ಅವನ ಸಮಾಧಿ ಊರ ಹೊರಗೆ, ರೈಲು ನಿಲ್ದಾಣದ ಆಚೆ ಇದೆ. ಇಟ್ಟಿಗೆಯ ಊರಿನಲ್ಲಿ ಇದೊಂದು ಮಾತ್ರ ಇಸ್ಟ್ರಿಯಾದ ಬಿಳಿಗಲ್ಲಿನದು; ಹತ್ತು ಮೀಟರಿಗೂ ಅಗಲವಾದ ಏಕಶಿಲೆಯನ್ನು ಬೋರಲು ಹಾಕಿದ ಬೋಗುಣಿಯಂತೆ ಚಾವಣಿಯಾಗಿ ಇಟ್ಟಿದ್ದಾರೆ. ಒಳಗೆ ಮೊಸಾಯಿಕ್ ಇಲ್ಲ. ಸಮಯ ಕಡಿಮೆಯಿದ್ದರೆ ಹೊರಗಿನಿಂದ ನೋಡಿದರೂ ಸಾಕು.

ಇಷ್ಟಾದ ಮೇಲೆ ಸಾನ್ ವಿಟಾಲೆ. ಗಾತರ ಆಳ್ವಿಕೆಯಲ್ಲೇ ಬಿಷಪ್ ಎಕ್ಲೇಸಿಯಸ್ ಆರಂಭಿಸಿದ ಈ ಎಂಟು ಮೂಲೆಯ ಚರ್ಚನ್ನು 547ರ ಸುಮಾರಿಗೆ ಪವಿತ್ರೀಕರಿಸಿದವನು ಬಿಷಪ್ ಮ್ಯಾಕ್ಸಿಮಿಯನ್. ಹಣ ಕೊಟ್ಟವನು ಜೂಲಿಯಾನಸ್ ಅರ್ಜೆಂಟಾರಿಯಸ್ ಎಂಬ ಲೇವಾದೇವಿಗಾರ. 26,000 ಚಿನ್ನದ ನಾಣ್ಯಗಳು ವೆಚ್ಚವಾದವೆಂದು ಪರಂಪರೆ ಹೇಳುತ್ತದೆ. ಗುಮ್ಮಟದ ಭಾರ ತಗ್ಗಿಸಲು ಕಲ್ಲಿನ ಬದಲು ಟೊಳ್ಳಾದ ಸುಟ್ಟಮಣ್ಣಿನ ಕೊಳವೆಗಳನ್ನು ಬಳಸಿದ್ದಾರೆ. ಗುಮ್ಮಟದ ಒಳಗಿನ ವರ್ಣಚಿತ್ರಗಳು 18ನೇ ಶತಮಾನದವು, ಅವುಗಳನ್ನು ಬದಿಗಿಟ್ಟು ಬಲಿಪೀಠದ ಕಡೆಗೆ ತಿರುಗಬೇಕು.

ಬಲಿಪೀಠದ ಇಕ್ಕೆಲದ ಮೇಲ್ಗೋಡೆಗಳಲ್ಲಿ ಹೇಬೆಲ, ಮೆಲ್ಕಿಸೆದೇಕ, ಅಬ್ರಹಾಮ ಇವರ ಅರ್ಪಣೆಗಳಿವೆ. ಅವುಗಳಾಚೆ, ಅರ್ಧಗುಮ್ಮಟದ ಕೆಳಗೆ, ಎದುರುಬದುರಾಗಿ ಜಸ್ಟೀನಿಯನ್ ಮತ್ತು ಥಿಯೋಡೋರಾ ನಿಂತಿದ್ದಾರೆ. ಇವರಿಬ್ಬರೂ ರವೆನ್ನಾಕ್ಕೆ ಬಂದವರೇ ಅಲ್ಲ. ಸಾಮ್ರಾಟನ ಕೈಯಲ್ಲಿ ರೊಟ್ಟಿಯ ಚಿನ್ನದ ತಟ್ಟೆ, ಸಾಮ್ರಾಜ್ಞಿಯ ಕೈಯಲ್ಲಿ ದ್ರಾಕ್ಷಾರಸದ ಪಾತ್ರೆ, ಆಕೆಯ ಸೆರಗಿನ ಅಂಚಿನಲ್ಲಿ ಕಾಣಿಕೆ ಹೊತ್ತ ಮೂವರು ಜ್ಞಾನಿಗಳ ಕಸೂತಿ. ಹಳೆಯ ಒಡಂಬಡಿಕೆಯ ಅರ್ಪಣೆಗಳ ಸಾಲಿಗೆ ರಾಜದಂಪತಿಯ ಅರ್ಪಣೆಯನ್ನೂ ಸೇರಿಸುವುದೇ ಇಲ್ಲಿನ ಯೋಜನೆ. ಆದರೆ ಇಡೀ ಗುಂಪಿನಲ್ಲಿ ಹೆಸರು ಬರೆದಿರುವುದು ಒಬ್ಬನದೇ, ಸಾಮ್ರಾಟನ ಪಕ್ಕದ ಬೋಳುತಲೆಯ ಮ್ಯಾಕ್ಸಿಮಿಯನನದು. ಜಸ್ಟೀನಿಯನನೇ ನೇಮಿಸಿದ ಆತನನ್ನು ಊರಿನವರು ಮೊದಲು ಒಪ್ಪಿರಲಿಲ್ಲವೆಂಬುದನ್ನು ನೆನೆದರೆ ಆ ಹೆಸರು ಏಕೆ ಬೇಕಾಯಿತೆಂಬುದನ್ನು ಊಹಿಸಬಹುದು.

ಕೊನೆಯದು ಊರಿನಿಂದ ಕೆಲವು ಕಿಲೋಮೀಟರ್ ದೂರದ ಕ್ಲಾಸ್ಸೆಯಲ್ಲಿರುವ ಸಾಂತ್ ಅಪೊಲಿನಾರೆ. 549ರಲ್ಲಿ ಇದನ್ನೂ ಮ್ಯಾಕ್ಸಿಮಿಯನನೇ ಪವಿತ್ರೀಕರಿಸಿದನು. ಅರ್ಧಗುಮ್ಮಟದಲ್ಲಿರುವುದು ರೂಪಾಂತರದ ಪ್ರಸಂಗ, ಅಂದರೆ ಬೆಟ್ಟದ ಮೇಲೆ ಮೂವರು ಶಿಷ್ಯರಿಗೆ ಕ್ರಿಸ್ತ ತೇಜೋಮಯನಾಗಿ ಕಂಡದ್ದು; ಆದರೆ ಕ್ರಿಸ್ತನ ಜಾಗದಲ್ಲಿ ರತ್ನಖಚಿತ ಶಿಲುಬೆ, ಮೂವರು ಶಿಷ್ಯರ ಜಾಗದಲ್ಲಿ ಮೂರು ಕುರಿಮರಿಗಳು. ಶಿಲುಬೆಯ ನಟ್ಟನಡುವೆ ಕ್ರಿಸ್ತನ ಚಿಕ್ಕ ಮುಖವೊಂದಿದೆ. ಕೆಳಗಿನಿಂದ ಬರಿಗಣ್ಣಿಗೆ ಅದು ಸಿಗುವುದು ಕಷ್ಟ, ದುರ್ಬೀನು ಒಯ್ಯುವುದು ಒಳ್ಳೆಯದು. ಸಾನ್ ವಿಟಾಲೆ, ಗಾಲ್ಲಾ ಪ್ಲಾಚಿಡಿಯಾ, ನಿಯೋನನ ದೀಕ್ಷಾಸ್ನಾನ ಗೃಹ ಮತ್ತು ನುವೋವೊ ಇವು ಬಿಷಪ್ಪರ ಆಡಳಿತಕ್ಕೆ ಸೇರಿದ್ದು ಒಂದೇ ಟಿಕೆಟಿನಲ್ಲಿ ಬರುತ್ತವೆ. ಏರಿಯನ್ ಗೃಹ, ಥಿಯೋಡೋರಿಕನ ಸಮಾಧಿ ಮತ್ತು ಕ್ಲಾಸ್ಸೆಯ ಚರ್ಚನ್ನು ಸರಕಾರ ಬೇರೆಯಾಗಿ ನೋಡಿಕೊಳ್ಳುತ್ತದೆ. ಒಳಗಿನ ತೇವಾಂಶ ಹೆಚ್ಚದಂತೆ ಗಾಲ್ಲಾ ಪ್ಲಾಚಿಡಿಯಾದೊಳಗೆ ಒಮ್ಮೆಗೆ ಕೆಲವರನ್ನಷ್ಟೇ, ಕೆಲವೇ ನಿಮಿಷ ಬಿಡುತ್ತಾರೆ; ಆದ್ದರಿಂದ ಅದರ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದ ದಿನವನ್ನು ಅದರ ಸುತ್ತ ಜೋಡಿಸಿಕೊಳ್ಳಬೇಕು.